ಅಂಕಿತವಿಲ್ಲದ ಅಂಕಿ

ಹೊಕಿಟಿಕಾದ ಕಡಲದಂಡೆಗೆ ಆ ವಾರ
ನದಿ ಏನೇನೋ ತಂದು ಸುರಿದಿತ್ತು:
ಬೇರುಸಹಿತ ಮರ, ಯಾರದೋ ಕೋಳಿಗೂಡು,
ಒಂಟಿ ಗಮ್‌ಬೂಟು.
ದಿಮ್ಮಿಗಳ ಸಂದಿನಲ್ಲಿ ನಡುಗುತ್ತ ಕೂತಿದ್ದವಳನ್ನು
ಕಸದ ಲಾರಿಯ ಡೆಸ್ಮಂಡ್ ತನ್ನ ಕೋಟಿನಲ್ಲಿ ಸುತ್ತಿ ತಂದ.
ಕಂದು ಬಣ್ಣ. ಎಡಗಿವಿ ಹರಿದಿದೆ.
ಕೊರಳಪಟ್ಟಿ ನೀರುಪಾಲು.

ನಾನು ಕೌನ್ಸಿಲಿನ ನಾಯಿದೊಡ್ಡಿಯವಳು, ಹನ್ನೆರಡು ವರ್ಷದಿಂದ.
ಯಂತ್ರವನ್ನು ಅವಳ ಹೆಗಲ ಮೇಲೆ ಆಡಿಸಿದೆ.
ಕುಂಯ್ ಎಂದಿತು. ನಾಯಿಯಲ್ಲ, ಯಂತ್ರ.
ಚರ್ಮದಡಿಯ ಅಕ್ಕಿಕಾಳು
ಹದಿನೈದು ಅಂಕಿ ಒಪ್ಪಿಸಿತು
ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ, ಒಂದೂ ತಪ್ಪದೆ.
ಸದ್ಯ, ಅಂದುಕೊಂಡು ದಾಖಲೆ ತೆರೆದೆ.

ಹೆಸರು ಖಾಲಿ.
ವಿಳಾಸ ಖಾಲಿ.
ಫೋನು ಖಾಲಿ.
ಇಂಥ ಚಿಪ್ಪನ್ನು ಇಂಥ ವರ್ಷ
ವೆಸ್ಟ್‌ಪೋರ್ಟಿನ ಆಸ್ಪತ್ರೆಗೆ ಕಳಿಸಲಾಗಿದೆ, ಅಷ್ಟೆ.
ಆ ಆಸ್ಪತ್ರೆ ಮುಚ್ಚಿ ಅಲ್ಲೀಗ ಮೀನು-ಚಿಪ್ಸ್ ಮಾರುತ್ತಾರೆ.
ಅಂಕಿ ಇದೆ, ಅಂಕಿತವಿಲ್ಲ.

ಕೌಂಟರಿಗೆ ಬಂದವರಿಗೆಲ್ಲ ಹೇಳುತ್ತೇನೆ:
ಚುಚ್ಚಿಸಿದರೆ ಮುಗಿಯಲಿಲ್ಲ ಮಾರಾಯರೆ,
ಅಂಚೆಚೀಟಿ ಅಂಟಿಸಿ ವಿಳಾಸ ಬರೆಯದ ಕಾಗದ
ಯಾವ ಮನೆಗೆ ಹೋದೀತು?
ಅವರು ತಲೆಯಾಡಿಸುತ್ತಾರೆ,
ಅವರ ನಾಯಿ ಬಾಲವಾಡಿಸುತ್ತದೆ.

ಬಾಯಿದ್ದವರು ಬರದಲ್ಲೂ ಬದುಕುತ್ತಾರಂತೆ.
ಬಾಯಿತ್ತು ಇವಳಿಗೆ. ಏಳು ದಿನ ಬೊಗಳಿದಳು,
ಗೇಟಿನ ಸದ್ದಾದಾಗಲೆಲ್ಲ.
ಪ್ರತಿ ಬೊಗಳಿಗೂ ಒಂದೇ ಅರ್ಥವಿದ್ದೀತು, ಯಾರದೋ ಹೆಸರು.
ನನಗೆ ಓದಲು ಬರುವ ಅಕ್ಷರದಲ್ಲಿ
ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಏಳು ದಿನ ಕಾಯುವುದು ನಮ್ಮ ನಿಯಮ.
ಎಂಟನೆಯ ದಿನ ಗ್ರೇಮೌತಿನಿಂದ ಒಂದು ಸಂಸಾರ ಬಂತು.
ಚಿಕ್ಕ ಹುಡುಗಿ ಮೊಣಕಾಲೂರಿ ಕೈ ನೀಡಿದಳು.
ಇವಳು ಮೂಸಿದಳು, ತುಸು ಯೋಚಿಸಿದಳು, ನೆಕ್ಕಿದಳು.

ಹನ್ನೊಂದನೆಯ ದಿನ ರಾವಿರಿ ಬಂದ.
ನದಿಯ ಮೇಲ್ಗಡೆ ವೈಟ್‌ಬೇಟ್ ಮೀನಿಗೆ ಬಲೆ ಹಾಕುವವನು,
ರಸ್ತೆ ಕೊಚ್ಚಿಹೋಗಿ ಅಲ್ಲೇ ಸಿಕ್ಕಿಬಿದ್ದವನು.
ದಡದುದ್ದ "ಪೀಪಿ, ಪೀಪಿ" ಎಂದು ಕೂಗಿ
ದನಿ ಸವೆದುಹೋಗಿತ್ತು.
ಜೇಬಿನಿಂದ ನಾಲ್ಕು ಮಡಿಕೆಯ ಅರ್ಜಿ ತೆಗೆದ.
ಫ್ರಿಜ್ಜಿನ ಬಾಗಿಲಲ್ಲಿ ಅಯಸ್ಕಾಂತದಡಿ
ಐದು ವರ್ಷ ನೇತಾಡಿದ ಅರ್ಜಿ,
ಅದರ ಮೇಲೊಂದು ಚಹಾ ಲೋಟದ ಉಂಗುರ.
ನೆತ್ತಿಯಲ್ಲಿ ಅಂಟಿಸಿದ ಹದಿನೈದು ಅಂಕಿ.
ಕೆಳಗೆ, ನಾನು ಆಗಲೇ ಕಂಡಿದ್ದ ಅದೇ ಖಾಲಿ.

"ಚಿಪ್ ಹಾಕಿಸಿದ್ದೆನಲ್ಲ," ಅಂದ.
"ಅದೇ ಹೇಳುತ್ತೆ ಅಂದುಕೊಂಡೆ."

ಇಬ್ಬರೂ ಕೂತು ತಾಳೆ ನೋಡಿದೆವು,
ಅವನೊಂದು ಅಂಕಿ ಓದುವುದು, ನಾನೊಂದು.
ಹದಿನಾಲ್ಕರ ಹೊತ್ತಿಗೆ ಅವನ ಸ್ವರ ನಿಂತಿತು.
ಉಳಿದೆರಡನ್ನೂ ನಾನೇ ಓದಿದೆ.

ಗ್ರೇಮೌತಿಗೆ ಫೋನು ಮಾಡಿದೆ.
ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ.
ಅವಳ ಹಿಂದೆ ಹುಡುಗಿ ಯಾವುದೋ ಹೊಸ ಹೆಸರು ಹಿಡಿದು
ಯಾರನ್ನೋ ಕರೆಯುತ್ತಿದ್ದಳು.
"ಭಾನುವಾರ ಬರಲಿ," ಅಂದಳು ಕೊನೆಗೆ.
ಭಾನುವಾರ ಏನಾಯಿತೆಂದು ನನ್ನ ಪುಸ್ತಕದಲ್ಲಿಲ್ಲ;
ದೊಡ್ಡಿಯ ಲೆಕ್ಕ ಎಂಟನೆಯ ದಿನಕ್ಕೇ ಮುಗಿದಿತ್ತು.

ಆ ರಾತ್ರಿ ಮನೆಯಲ್ಲಿ
ನನ್ನ ಬೆಕ್ಕು ಗಸ್‌ನ ದಾಖಲೆ ತೆರೆದೆ, ಸುಮ್ಮನೆ,
ನನ್ನದು ಸರಿಯಾಗಿ ಇದ್ದೇ ಇರುತ್ತದೆಂಬ ಧೈರ್ಯದಲ್ಲಿ.
ವಿಳಾಸ: ಬಿಟ್ಟು ಬಂದ ಮನೆ.
ಫೋನು: ಬಿಟ್ಟು ಹೋದ ಗಂಡ.
ಹನ್ನೆರಡು ವರ್ಷದ ಉಪದೇಶ
ಬೆಕ್ಕಿನ ಮುಂದೆ ತಲೆತಗ್ಗಿಸಿತು.
ಅಳಿಸಿದೆ, ಬರೆದೆ. ಐದು ನಿಮಿಷವೂ ಹಿಡಿಯಲಿಲ್ಲ.

ಕೊನೆಯ ಸಾಲು ಕೇಳಿತು:
ನೀವು ಸಿಗದಿದ್ದರೆ ಯಾರನ್ನು ಕರೆಯಬೇಕು?
ಕರ್ಸರ್ ಕಣ್ಣು ಮಿಟುಕಿಸುತ್ತಲೇ ಇತ್ತು.

ರಾತ್ರಿ ಹತ್ತೂವರೆಗೆ, ಮನೆಚಪ್ಪಲಿಯಲ್ಲೇ,
ಮೂರು ವರ್ಷದಿಂದ ಬರಿ ಕೈ ಬೀಸಿ ಗೊತ್ತಿದ್ದ
ಎದುರುಮನೆಯ ನೈರಿಯ ಕದ ತಟ್ಟಿದೆ.
ಅರ್ಧ ತೆರೆದು ಅವಳು ಕೇಳಿದಳು,
"ಏನು, ಬೆಕ್ಕು ಕಳೆದಿದೆಯಾ?"
"ಇಲ್ಲ," ಅಂದೆ. "ಇನ್ನೂ ಇಲ್ಲ."